ಕಸೂತಿಯ ಹಿಂಬದಿಯ ಗಣಿತ

ಶಿವಮೊಗ್ಗೆಯ ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಧಾರವಾಡ ಕಡೆಯ ಅಜ್ಜಿಯೊಬ್ಬರಿದ್ದರು. ಮಾರಾಟ ಮಳಿಗೆಯೊಂದರಲ್ಲಿ ‘ಕೈಕಸೂತಿ’ ಎಂದು ನಂಬಿಸಿ ಕೊಟ್ಟಿದ್ದ ಸೀರೆಯನ್ನು ಒಮ್ಮೆ ಅವರಿಗೆ ಹೆಮ್ಮೆಯಿಂದ ತೋರಿಸಿದೆವು. ಸೆರಗಿನ ಮೇಲಿದ್ದ ತೇರನ್ನಾಗಲಿ ಆನೆಯನ್ನಾಗಲಿ ಅವರು ನೋಡಲೇ ಇಲ್ಲ. ಸೆರಗನ್ನು ತಿರುವಿ ಹಾಕಿ, “ಇದು ಮಷೀನಿಂದು ನೋಡ್ರಿ. ಗವಂತಿ ಅಂದ್ರ ಹಿಂದ ಮುಂದ ಒಂದ ಥರಾ ಇರಬೇಕು” ಎಂದುಬಿಟ್ಟರು. ಹಿಂಬದಿಯಲ್ಲಿ ಬಿಳಿ ದಾರದ ಒತ್ತಾದ ಗೆರೆಗಳ ಹೊರತು ಬೇರೇನೂ ಇರಲಿಲ್ಲ. ಹಣ ಹೋದ ಬೇಸರ ಒಂದೆರಡು ದಿನದ್ದು. ಅಜ್ಜಿಯ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಒಂದು ಸೂಜಿ, ಒಂದು ದಾರ, ಎಲ್ಲಿಯೂ ಗಂಟಿಲ್ಲ. ಆದರೂ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡುವುದಾದರೂ ಹೇಗೆ?

ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಭಾಗಗಳ ಹೆಂಗಸರು ತಲೆಮಾರುಗಳಿಂದ ಮನೆಯಲ್ಲಿ ಕುಳಿತು ಮಾಡಿಕೊಂಡು ಬಂದಿರುವ ಕೆಲಸ ಕಸೂತಿ. ಇಳಕಲ್ ಸೀರೆಯ ಸೆರಗು, ಕುಪ್ಪಸದ ಕಣ, ಕರಿಯ ಚಂದ್ರಕಾಳಿ ಸೀರೆ, ಇವು ಅದರ ನೆಲೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಅದರ ಚಿತ್ರಗಳು. ಹೊಲಿಗೆಗಳು ನಾಲ್ಕು ಬಗೆ. ನೇರ ಗೆರೆಗಳ ಗವಂತಿ, ಮೆಟ್ಟಿಲಿನಂತೆ ಏರಿಳಿಯುವ ಮುರಗಿ, ನೇಯ್ಗೆಯನ್ನು ಹೋಲುವ ನೇಗಿ ಮತ್ತು ಮೆಂತ್ಯದ ಕಾಳನ್ನು ನೆನಪಿಸುವ ಅಡ್ಡಹೊಲಿಗೆಯಾದ ಮೆಂತೆ. ಇವುಗಳಲ್ಲಿ ಎರಡೂ ಬದಿ ಒಂದೇ ರೀತಿ ಕಾಣುವುದು ಗವಂತಿ ಮತ್ತು ಮುರಗಿ ಮಾತ್ರ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಹೊಲಿಯುತ್ತಾರೆ. ಅಂದರೆ ಬಟ್ಟೆಯೇ ಅವರಿಗೆ ಗ್ರಾಫ್ ಕಾಗದ.

ಗವಂತಿಯ ಸೂಜಿ ನಡೆಯುವ ನಿಯಮ ಬಹಳ ಸರಳ. ಮೊದಲ ಹೆಜ್ಜೆ ಬಟ್ಟೆಯ ಮುಂಬದಿಯಲ್ಲಿ, ಎರಡನೆಯದು ಹಿಂಬದಿಯಲ್ಲಿ, ಮೂರನೆಯದು ಮತ್ತೆ ಮುಂಬದಿಯಲ್ಲಿ. ಬೆಸ ಸಂಖ್ಯೆಯ ಹೆಜ್ಜೆಗಳೆಲ್ಲ ಮುಂದೆ, ಸಮ ಸಂಖ್ಯೆಯವೆಲ್ಲ ಹಿಂದೆ. ಐದು ಹೆಜ್ಜೆ ಉದ್ದದ ಒಂದು ನೇರ ಗೆರೆಯನ್ನು ತೆಗೆದುಕೊಳ್ಳಿ. ಹೋಗುವಾಗ 1, 3, 5ನೆಯ ತುಂಡುಗಳು ಮುಂಬದಿಯಲ್ಲಿ ಮೂಡುತ್ತವೆ, 2 ಮತ್ತು 4 ಹಿಂಬದಿಯಲ್ಲಿ. ಈಗ ತಿರುಗಿ ಬನ್ನಿ. ಆರನೆಯ ಹೆಜ್ಜೆ ಐದನೆಯ ತುಂಡಿನ ಮೇಲೆಯೇ ಬರುತ್ತದೆ. ಆರು ಸಮ ಸಂಖ್ಯೆ, ಆದ್ದರಿಂದ ಅದು ಹಿಂಬದಿಯಲ್ಲಿ ಬೀಳುತ್ತದೆ. ಏಳನೆಯದು ನಾಲ್ಕನೆಯ ತುಂಡನ್ನು ಮುಂಬದಿಯಲ್ಲಿ ತುಂಬುತ್ತದೆ. ಹತ್ತನೆಯ ಹೆಜ್ಜೆ ಮುಗಿಯುವಾಗ ನೀವು ಹೊರಟ ಜಾಗದಲ್ಲೇ ಇರುತ್ತೀರಿ, ಎರಡೂ ಬದಿಯ ಗೆರೆ ಪೂರ್ತಿಯಾಗಿರುತ್ತದೆ. ‘ಬಂದ ದಾರಿಗೆ ಸುಂಕವಿಲ್ಲ’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆದರೆ ಗೋಪುರ ಬರಿಯ ನೇರ ಗೆರೆಯಲ್ಲವಲ್ಲ, ಅದಕ್ಕೆ ಕೊಂಬೆಗಳಿವೆ. ಮುಖ್ಯ ಗೆರೆಯ ನಡುವೆ ಒಂದು ಕೊಂಬೆ ಒಡೆದರೆ ಸಮ ಬೆಸದ ಲೆಕ್ಕ ತಪ್ಪುವುದಿಲ್ಲವೇ? ತಪ್ಪುವುದಿಲ್ಲ. ಕೊಂಬೆಯಲ್ಲಿ ಮೂರು ತುಂಡುಗಳಿದ್ದರೆ ಹೋಗಿ ಬರಲು ಆರು ಹೆಜ್ಜೆ ಬೇಕು. ಏಳು ತುಂಡುಗಳಿದ್ದರೆ ಹದಿನಾಲ್ಕು. ಕೊಂಬೆ ಎಷ್ಟೇ ಉದ್ದವಿರಲಿ, ಅದಕ್ಕೆ ಇನ್ನಷ್ಟು ಕವಲುಗಳಿರಲಿ, ಹೋಗಿ ಬರುವ ಒಟ್ಟು ಹೆಜ್ಜೆಗಳು ಯಾವಾಗಲೂ ಸಮ ಸಂಖ್ಯೆ. ಹಾಗಾಗಿ ಮರಳಿ ಮುಖ್ಯ ಗೆರೆಗೆ ಬಂದಾಗ, ಕೊಂಬೆ ಇಲ್ಲದಿದ್ದರೆ ಸೂಜಿ ಯಾವ ಬದಿಯಲ್ಲಿ ಇರುತ್ತಿತ್ತೋ ಅದೇ ಬದಿಯಲ್ಲಿ ಇರುತ್ತದೆ. ಇದೇ ಕಾರಣಕ್ಕೆ ಯಾವುದೇ ತುಂಡಿನ ಮೇಲೆ ಹೋಗುವ ಹೆಜ್ಜೆ ಮತ್ತು ಮರಳುವ ಹೆಜ್ಜೆಗಳ ಸಂಖ್ಯೆಗಳಲ್ಲಿ ಒಂದು ಸಮ, ಇನ್ನೊಂದು ಬೆಸ. ಒಂದು ಮುಂದೆ ಬಿದ್ದರೆ ಇನ್ನೊಂದು ಹಿಂದೆ ಬೀಳಲೇಬೇಕು. ಇಡೀ ಕಸೂತಿಯ ಗುಟ್ಟು ಇಷ್ಟೇ ಎಂದು ನನಗನಿಸುತ್ತದೆ.

ತೊಡಕು ಬರುವುದು ಮುಚ್ಚಿದ ಆಕೃತಿಗಳಲ್ಲಿ. ನಾಲ್ಕು ತುಂಡುಗಳ ಒಂದು ಚೌಕವನ್ನು ಹೊಲಿಯುವವರು ಮೊದಲ ಸುತ್ತು ಮುಗಿಸಿ, ಅದೇ ದಿಕ್ಕಿನಲ್ಲಿ ಎರಡನೆಯ ಸುತ್ತು ಹೊರಟರೆಂದುಕೊಳ್ಳಿ. ಐದನೆಯ ಹೆಜ್ಜೆ ಮೊದಲನೆಯ ತುಂಡಿನ ಮೇಲೆ ಬರುತ್ತದೆ. ಐದೂ ಬೆಸ, ಒಂದೂ ಬೆಸ. ದಾರ ಮುಂಬದಿಯಲ್ಲೇ ಎರಡು ಸಲ ಬಿದ್ದು, ಹಿಂಬದಿಯಲ್ಲಿ ಆ ತುಂಡು ಖಾಲಿ ಉಳಿಯುತ್ತದೆ. ಹೊಸದಾಗಿ ಕಲಿಯುವವರು ಎಡವುವ ಜಾಗ ಇದು. ನಾನೂ ಇಲ್ಲೇ ಎಡವಿ, ಅರ್ಧ ಗಂಟೆಯ ಕೆಲಸವನ್ನು ಬಿಚ್ಚಿದ್ದೇನೆ. ಪರಿಹಾರವೆಂದರೆ ಚೌಕವನ್ನೂ ಒಂದು ಗೆರೆ ಎಂದೇ ಭಾವಿಸುವುದು. ಅದರ ತುದಿ ಆಕಸ್ಮಿಕವಾಗಿ ಅದರ ಮೊದಲಿಗೆ ತಾಗಿದೆ, ಅಷ್ಟೆ. ನಾಲ್ಕು ಹೆಜ್ಜೆ ಸುತ್ತಿ, ಅಲ್ಲಿಂದ ದಿಕ್ಕು ಬದಲಿಸಿ ಬಂದ ದಾರಿಯಲ್ಲೇ ಹಿಂತಿರುಗಬೇಕು.

ಗಣಿತದ ವಿದ್ಯಾರ್ಥಿಗಳಿಗೆ ಇಲ್ಲಿ ಆಯ್ಲರ್ ನೆನಪಾಗಬೇಕು. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ನಡೆಯಲು ಸಾಧ್ಯವಿಲ್ಲ ಎಂದು ಆತ 1736ರ ತನ್ನ ಪ್ರಬಂಧದಲ್ಲಿ ತೋರಿಸಿದ. ಅಲ್ಲಿನ ನಾಲ್ಕು ಭೂಭಾಗಗಳಿಗೂ ಬೆಸ ಸಂಖ್ಯೆಯ ಸೇತುವೆಗಳಿದ್ದವು. ಒಂದಕ್ಕೆ ಐದು, ಉಳಿದ ಮೂರಕ್ಕೆ ಮೂರು ಮೂರು. ಪ್ರತಿ ಸೇತುವೆಯನ್ನೂ ಎರಡು ಸಲ ದಾಟಬೇಕೆಂದರೆ ಎಲ್ಲವೂ ಸಮವಾಗಿ, ನಡಿಗೆ ಸಾಧ್ಯವಾಗುತ್ತದೆ. ಗವಂತಿ ಮಾಡುವುದೂ ಇದನ್ನೇ, ಪ್ರತಿ ಗೆರೆಯ ಮೇಲೆ ಎರಡು ಸಲ ನಡೆಯುತ್ತದೆ. ಆದರೆ ಎರಡು ಸಲ ನಡೆದರೆ ಸಾಲದು, ಒಂದು ಸಲ ಮೇಲೆ, ಒಂದು ಸಲ ಕೆಳಗೆ ಎಂಬ ಹೆಚ್ಚಿನ ಷರತ್ತು ಇಲ್ಲಿದೆ. ಆಯ್ಲರನ ಫಲಿತಾಂಶ ಈ ಷರತ್ತನ್ನು ತಾನಾಗಿ ಪೂರೈಸದು ಎಂಬುದಕ್ಕೆ ಮೇಲಿನ ಚೌಕವೇ ಸಾಕ್ಷಿ. ಯೂರೋಪಿನಲ್ಲಿಯೂ ಇದೇ ಹೊಲಿಗೆ ಇದೆ. ಚಿತ್ರಕಾರ ಹಾನ್ಸ್ ಹೋಲ್ಬೈನ್ (1497–1543) ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಭಾವಚಿತ್ರದಲ್ಲಿ ಅವಳ ತೋಳಿನ ಅಂಚಿಗೆ ಇಂಥ ಕಸೂತಿಯನ್ನು ಬಿಡಿಸಿದ್ದಾನೆ. ಅವನಿಂದಲೇ ಅದಕ್ಕೆ ಹೋಲ್ಬೈನ್ ಹೊಲಿಗೆ ಎಂಬ ಹೆಸರು ಬಂತು. ಆ ಹೊಲಿಗೆಯ ಗ್ರಾಫ್ ಸಿದ್ಧಾಂತವನ್ನು ಅಮೆರಿಕದ ಗಣಿತಜ್ಞ ಜೋಶುವಾ ಹೋಲ್ಡನ್ ಬರೆದದ್ದು, ಸೂಜಿ ಕೆಲಸದ ಗಣಿತವನ್ನು ಕುರಿತು 2007ರಲ್ಲಿ ಬಂದ ಒಂದು ಸಂಕಲನದಲ್ಲಿ. ಬಾಬಿನ್ ಲೇಸ್ ಹೆಣೆಯುವ ಹವ್ಯಾಸಿಗಳು ಹತ್ತಾರು ಎಳೆಗಳನ್ನು ಒಟ್ಟಿಗೆ ನಿಭಾಯಿಸುತ್ತಾರೆ. ನಮ್ಮ ಗವಂತಿಯ ಸವಾಲು ಅದಕ್ಕೆ ತಿರುಗುಮುರುಗು, ಒಂದೇ ಎಳೆಯಲ್ಲಿ ಎಲ್ಲವನ್ನೂ ಮುಗಿಸಬೇಕು.

ಹಾಗಾದರೆ ಯಂತ್ರ ಇದನ್ನು ಏಕೆ ಮಾಡುವುದಿಲ್ಲ? ಸಾಮಾನ್ಯ ಹೊಲಿಗೆ ಯಂತ್ರದ ಸೂಜಿ ಬಟ್ಟೆಯಾಚೆ ಪೂರ್ತಿ ಹೋಗುವುದೇ ಇಲ್ಲ. ಅದು ಮೇಲಿನ ದಾರದ ಒಂದು ಕುಣಿಕೆಯನ್ನು ಕೆಳಗಿಳಿಸುತ್ತದೆ, ಬಾಬಿನ್‌ನ ದಾರ ಆ ಕುಣಿಕೆಯಲ್ಲಿ ತೂರಿ ಬಿಗಿಯುತ್ತದೆ. ಕಂಪ್ಯೂಟರ್ ಕಸೂತಿ ಯಂತ್ರವೂ ಹೀಗೆಯೇ. ಎರಡು ದಾರ, ಹೊಲಿಗೆಗೊಂದು ಕೊಂಡಿ. ಕೆಳಗಿನ ದಾರಕ್ಕೂ ಅದೇ ಬಣ್ಣ ಹಾಕಿದರೆ ಹಿಂಬದಿ ನೋಡಿದವರೂ ಮೋಸ ಹೋಗಬಹುದು, ಆಗ ಭೂತಗನ್ನಡಿ ಹಿಡಿದು ರಂಧ್ರದಲ್ಲಿ ಎರಡು ದಾರ ಸಿಕ್ಕಿಕೊಂಡಿವೆಯೇ ಎಂದು ನೋಡಬೇಕು. ನೇಗಿ, ಮೆಂತೆಗಳ ಹಿಂಬದಿ ಬೇರೆ ಥರ ಕಂಡ ಮಾತ್ರಕ್ಕೆ ಅದನ್ನು ಯಂತ್ರದ್ದು ಎಂದು ದೂರುವುದೂ ಸರಿಯಲ್ಲ. ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೂ ದಿನಗಟ್ಟಲೆ ಎಳೆ ಎಣಿಸಿದವರ ಕೆಲಸಕ್ಕೂ ಗಂಟೆಯೊಳಗೆ ಯಂತ್ರ ಉರುಳಿಸಿದ್ದಕ್ಕೂ ಒಂದೇ ಬೆಲೆ ಕಟ್ಟುವ ಗ್ರಾಹಕರಿರುವಾಗ, ಆ ಮಾನ್ಯತೆಯಿಂದ ಹೊಲಿಯುವವರ ಕೈಗೆ ಹೆಚ್ಚೇನೂ ಬರಲಾರದು.

ಶಾಲೆಯಲ್ಲಿ ಇದನ್ನು ಮಾಡಿಸಲು ಖರ್ಚಿಲ್ಲ. ಒಂದು ತುಂಡು ಗೋಣಿತಾಟು, ದಪ್ಪ ಸೂಜಿ, ಉಲ್ಲನ್ ದಾರ ಸಾಕು. ಸೂಜಿ ಕೊಡುವ ಮೊದಲು ಚೌಕುಳಿ ಹಾಳೆಯಲ್ಲಿ ಮುಂಬದಿಯ ಹೆಜ್ಜೆಗೆ ಕೆಂಪು, ಹಿಂಬದಿಯದಕ್ಕೆ ನೀಲಿ ಪೆನ್ಸಿಲ್ ಬಳಸಿ, ಹೆಜ್ಜೆಗಳಿಗೆ ಸಂಖ್ಯೆ ಬರೆಸಿ. ಪ್ರತಿ ತುಂಡಿಗೂ ಎರಡೂ ಬಣ್ಣ ಬಂದರೆ ದಾರಿ ಸರಿಯಿದೆ. ಚಿತ್ರದ ಎಲ್ಲ ಭಾಗಗಳು ಒಂದಕ್ಕೊಂದು ತಾಗಿರಬೇಕೆಂಬುದನ್ನು ಮರೆಯಬೇಡಿ. ಮೈಗೆ ತಾಗದೆ ಬಿಡಿಯಾಗಿರುವ ಆನೆಯ ಕಣ್ಣಿಗೆ ಬೇರೆ ದಾರವೇ ಬೇಕು. ಅಡ್ಡ ಮತ್ತು ನೀಟ ಗೆರೆಗಳಷ್ಟೇ ಇರುವ ಯಾವ ಮುಚ್ಚಿದ ಆಕೃತಿಯಲ್ಲೂ ತುಂಡುಗಳ ಸಂಖ್ಯೆ ಸಮವೇ ಆಗಿರುತ್ತದೆ. ಬಲಕ್ಕೆ ಎಷ್ಟು ಹೋದೆವೋ ಎಡಕ್ಕೂ ಅಷ್ಟೇ, ಮೇಲಕ್ಕೆ ಎಷ್ಟೋ ಕೆಳಕ್ಕೂ ಅಷ್ಟೇ ಬರಬೇಕಲ್ಲವೇ? ಈಗ ಒಂದು ಓರೆ ಗೆರೆ ಸೇರಿಸಿ ಮೂರು ತುಂಡುಗಳ ತ್ರಿಕೋನ ಮಾಡಿ. ಹಿಂತಿರುಗದೆ, ಅದೇ ದಿಕ್ಕಿನಲ್ಲಿ ಎರಡನೆಯ ಸುತ್ತು ಹೋದರೆ ಏನಾಗುತ್ತದೆ? ವಿದ್ಯಾರ್ಥಿಗಳು ಮೊದಲು ಊಹಿಸಿ, ಆಮೇಲೆ ಹೊಲಿದು ನೋಡಲಿ.