ರ‍್ಯಾಂಕಿಂಗ್‌ಗೆ ನೆನಪಿರುವುದು 52 ವಾರ ಮಾತ್ರ

ನಮ್ಮ ಮನೆಯಲ್ಲಿ ಎಲ್ಲರೂ ಕ್ರಿಕೆಟ್ ಪ್ರಿಯರು. ಟೆನಿಸ್ ಹುಚ್ಚು ನನಗೊಬ್ಬಳಿಗೇ. ‘ಚೆಂಡು ಆಚೆಗೊಮ್ಮೆ, ಈಚೆಗೊಮ್ಮೆ. ಅದರಲ್ಲೇನು ನೋಡ್ತೀಯೇ?’ ಎಂದು ತಮ್ಮ ರೇಗಿಸುತ್ತಾನೆ. ನಿಜ ಹೇಳಬೇಕೆಂದರೆ, ಪಂದ್ಯಗಳಷ್ಟೇ ಕುತೂಹಲದಿಂದ ನಾನು ನೋಡುವುದು ಸೋಮವಾರ ಹೊರಬೀಳುವ ಪುರುಷರ ರ‍್ಯಾಂಕಿಂಗ್ ಪಟ್ಟಿಯನ್ನು. ಅದೊಂದು ಹಾವು–ಏಣಿ ಆಟ!

ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರಿಗೆ 2000 ಪಾಯಿಂಟ್. ಆದರೆ ಅದು ಬ್ಯಾಂಕಿನ ಫಿಕ್ಸೆಡ್ ಡೆಪಾಸಿಟ್ ಅಲ್ಲ. ಮುಂದಿನ ವರ್ಷ ಅದೇ ಟೂರ್ನಿ ಬರುವ ಹೊತ್ತಿಗೆ ಆ ಪಾಯಿಂಟ್‌ಗಳೆಲ್ಲ ಅಳಿಸಿಹೋಗುತ್ತವೆ. ಮತ್ತೆ ಗೆದ್ದರೆ ಸರಿ, ಮೊದಲ ಸುತ್ತಿನಲ್ಲೇ ಸೋತರೆ ಕೈಗೆ ಬರುವುದು ಬರೀ 10. ಫ್ರೆಂಚ್ ಓಪನ್ ಅನ್ನು 14 ಬಾರಿ ಗೆದ್ದ ರಫೆಲ್ ನಡಾಲ್, ಗಾಯದ ನಂತರ 2024ರಲ್ಲಿ ಅದೇ ಅಂಗಳಕ್ಕೆ ಶ್ರೇಯಾಂಕವಿಲ್ಲದ ಆಟಗಾರನಾಗಿ ಬಂದು ಮೊದಲ ಸುತ್ತಿನಲ್ಲೇ ಸೋತರು.

ನನಗೇಕೆ ಈ ಪಟ್ಟಿಯ ಮೇಲೆ ಇಷ್ಟು ಅಕ್ಕರೆ? ಡಿಗ್ರಿಯಲ್ಲಿ ಕಾಲೇಜಿಗೇ ಮೊದಲಿಗಳಾಗಿದ್ದ ನಾನು ಈಗ ಎರಡನೇ ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ‘ಫಸ್ಟ್ ಬರ್ತಿದ್ದೆಯಲ್ಲ, ಏನಾಯ್ತು?’ ಎಂದು ಮದುವೆಮನೆಗಳಲ್ಲಿ ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗಿದೆ. ಈ ಪ್ರಶ್ನೆಯನ್ನು ಇಡೀ ಜಗತ್ತಿನಿಂದಲೇ ಎದುರಿಸಿದವರು ಏನು ಮಾಡಿದರು ಎಂದು ಹುಡುಕತೊಡಗಿದೆ.

ಅಮೆರಿಕದ ಆಂಡ್ರೆ ಅಗಾಸ್ಸಿ 1995ರಲ್ಲಿ ವಿಶ್ವದ ನಂಬರ್ 1. 1997ರ ನವೆಂಬರ್‌ನಲ್ಲಿ 141! ಗ್ರ್ಯಾನ್‌ಸ್ಲಾಮ್ ಗೆದ್ದವರು ಕಾಲಿಡದ ಚಾಲೆಂಜರ್ ಹಂತಕ್ಕೆ ಅವರು ಇಳಿದರು. ತವರೂರು ಲಾಸ್ ವೇಗಸ್‌ನಲ್ಲೇ ಫೈನಲ್ ಸೋತರು. ಊರವರೆದುರು ಎಂಥ ಮುಜುಗರ! ಆದರೂ ಮುಂದಿನ ಚಾಲೆಂಜರ್ ಆಡಿ ಗೆದ್ದರು. 1999ರಲ್ಲಿ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಮೊದಲ ಎರಡು ಸೆಟ್ ಕಳೆದುಕೊಂಡೂ ಗೆದ್ದು, ಆ ವರ್ಷವನ್ನು ಅಗ್ರಸ್ಥಾನದಲ್ಲೇ ಮುಗಿಸಿದರು.

ಎಲ್ಲ ಕಥೆಗಳೂ ಹೀಗೆ ಸುಖಾಂತ್ಯವಲ್ಲ. ಆಸ್ಟ್ರಿಯಾದ ಡೊಮಿನಿಕ್ ಥೀಮ್ 2020ರಲ್ಲಿ ಅಮೆರಿಕ ಓಪನ್ ಗೆದ್ದರು. ಮರುವರ್ಷ ಮಣಿಕಟ್ಟಿಗೆ ಪೆಟ್ಟು ಬಿತ್ತು. ರ‍್ಯಾಂಕಿಂಗ್ 300ರಾಚೆ ಕುಸಿಯಿತು. ಅವರೂ ಚಾಲೆಂಜರ್ ಆಡಿದರು, ಬೆವರು ಹರಿಸಿದರು. ಹಳೆಯ ಆಟ ಮರಳಲಿಲ್ಲ. 2024ರಲ್ಲಿ, 31ನೇ ವಯಸ್ಸಿಗೇ ರ‍್ಯಾಕೆಟ್ ಕೆಳಗಿಟ್ಟರು. ‘ಕಷ್ಟಪಟ್ಟರೆ ಸಿಕ್ಕೇ ಸಿಗುತ್ತೆ’ ಎನ್ನುವವರಿಗೆ ನಾನು ಇವರ ಹೆಸರು ಹೇಳುತ್ತೇನೆ.

ಇವರಿಬ್ಬರ ನಡುವೆ ನನಗೆ ತೀರಾ ಹತ್ತಿರವಾದವರು ಬ್ರಿಟನ್ನಿನ ಆಂಡಿ ಮರ್ರೆ. 2016ರ ನವೆಂಬರ್‌ನಲ್ಲಿ ನಂಬರ್ 1, ಸೊಂಟದ ಕೀಲಿನ ನೋವಿನಿಂದಾಗಿ 2018ರಲ್ಲಿ 839. ಮೆಲ್ಬರ್ನ್‌ನಲ್ಲಿ ಅವರು ಕಣ್ಣೀರಿಟ್ಟಾಗ ಸಂಘಟಕರು ವಿದಾಯದ ವಿಡಿಯೊವನ್ನೂ ತೋರಿಸಿಬಿಟ್ಟರು. ಆ ಮನುಷ್ಯ ಕೀಲಿಗೆ ಲೋಹ ಹಾಕಿಸಿಕೊಂಡು, ಅದೇ 2019ರ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು! ಅಗ್ರಸ್ಥಾನ ಮತ್ತೆ ಸಿಗಲಿಲ್ಲ, ನಿಜ. ಆದರೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಆಡಿದರು. ನಂಬರ್ 1 ಆಗಿದ್ದವರಿಗೆ ಅದಕ್ಕಿಂತ ಕೆಳಗೆ ನಿಂತು ಆಡಲು ಎಷ್ಟು ಪ್ರೀತಿ ಬೇಕು, ಯೋಚಿಸಿ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನು ಮರೆಯುವುದುಂಟೇ? ಸವೆದ ಮಂಡಿಗಳ ನೋವಿಗೆ ಯೋಗದ ಮೊರೆಹೋದ ಅವರು 2024ರಲ್ಲಿ, 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ಮೊದಲ ಬಾರಿಗೆ ಡಬಲ್ಸ್‌ನ ನಂಬರ್ 1 ಆದರು. ಉಳಿದವರು ಕೋಚ್ ಆಗುವ ವಯಸ್ಸದು!

52 ವಾರಗಳ ಈ ನಿಯಮ ಕ್ರೂರ ಎಂದು ಮೊದಲು ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಹಳೆಯ ಗೆಲುವನ್ನು ಮರೆಯುವ ಪಟ್ಟಿ ಹಳೆಯ ಸೋಲನ್ನೂ ಮರೆಯುತ್ತದೆ. ಮದುವೆಮನೆಯಲ್ಲಿ ಯಾರಾದರೂ ಮತ್ತೆ ‘ಏನಾಯ್ತು?’ ಎಂದರೆ ಉತ್ತರ ಸಿದ್ಧವಿದೆ: ‘ಸದ್ಯಕ್ಕೆ ಚಾಲೆಂಜರ್ ಆಡ್ತಿದ್ದೀನಿ!’