ಬಿಸಿಲಿಗೆ ಸಂಬಂಧಿಸಿದ ಚರ್ಮರೋಗಗಳು: ಅಬ್ಬಿಗೇರಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ಪೀಠಿಕೆ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಬಹುಮಟ್ಟಿಗೆ ಮರಗಳು ವಿರಳವಾದ ಬಯಲುನಾಡು. ಅಲ್ಲಿನ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಸೂರ್ಯಕಾಂತಿ ಮೊದಲಾದವು ಬೆಳೆಯುತ್ತವೆ. ಅಬ್ಬಿಗೇರಿಯು ಈ ಸೀಮೆಯ ಗ್ರಾಮಗಳಲ್ಲೊಂದು. ಇಲ್ಲಿನ ಕೃಷಿಕನು ಹೊತ್ತು ಮೂಡಿದಂದಿನಿಂದ ಮುಳುಗುವವರೆಗೆ ತೆರೆದ ಬಿಸಿಲಿನಲ್ಲಿಯೇ ದುಡಿಯತಕ್ಕವನು. ಆದುದರಿಂದ ಬಿಸಿಲಿನಿಂದ ಹುಟ್ಟುವ ಅಥವಾ ಬಿಸಿಲಿನಿಂದ ಉಲ್ಬಣಿಸುವ ಚರ್ಮರೋಗಗಳನ್ನು ಕುರಿತ ತಿಳಿವಳಿಕೆ ಇಂತಹ ಸೀಮೆಗೆ ವಿಶೇಷವಾಗಿ ಆವಶ್ಯಕವಾದುದು.

ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆದರೂ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಒಂದು ಕಾರಣವುಂಟು. ಆ ಕಡೆಯ ವೃದ್ಧ ಕೃಷಿಕರೊಬ್ಬರನ್ನು ನಾವು ಬಲ್ಲೆವು. ಅವರ ಹಣೆ, ಕಿವಿ, ಕತ್ತು, ಮುಂಗೈಗಳ ಚರ್ಮವು ಕಪ್ಪಾಗಿ ದಪ್ಪಗಟ್ಟಿ, ಇರುಳೆಲ್ಲ ತುರಿಸುತ್ತಿದ್ದಿತು. ನೆರೆಹೊರೆಯವರು ಅದನ್ನು ‘ದೊಡ್ಡರೋಗ’ವೆಂದೇ ಭಾವಿಸಿದರು. ಅವರ ತಟ್ಟೆ ಲೋಟಗಳು ಬೇರೆಯಾದುವು. ಮದುವೆಯ ಪಂಕ್ತಿಗೆ ಅವರನ್ನು ಕರೆಯುವುದು ನಿಂತಿತು. ಹಲವು ವರುಷಗಳ ತರುವಾಯ ಚರ್ಮವೈದ್ಯರೊಬ್ಬರು ಅದು ಕುಷ್ಠವಲ್ಲ, ಒಂದು ಕಳೆಯ ಗಿಡದಿಂದ ಬಂದ ಉರಿಯೂತವೆಂದು ನಿಶ್ಚಯಿಸಿದರು. ರೋಗಕ್ಕಿಂತಲೂ ಅದಕ್ಕಿಟ್ಟ ತಪ್ಪು ಹೆಸರು ಅವರನ್ನು ಹೆಚ್ಚು ಬಾಧಿಸಿದ್ದಿತು. ಇಂತಹ ರೋಗಗಳಲ್ಲಿ ಎರಡನ್ನು ಆರಿಸಿಕೊಂಡು, ಅವುಗಳ ಪೂರ್ವಚರಿತ್ರೆ, ನಿದಾನ ಮತ್ತು ಚಿಕಿತ್ಸೆಗಳನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ‘ಕುಷ್ಠ’ ಎಂಬ ಪದ

ಚರಕ, ಸುಶ್ರುತ ಸಂಹಿತೆಗಳಲ್ಲಿ ‘ಕುಷ್ಠ’ ಎಂಬುದು ಒಂದೇ ರೋಗದ ಹೆಸರಲ್ಲ. ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು, ಹೀಗೆ ಒಟ್ಟು ಹದಿನೆಂಟು ಬಗೆಯ ಚರ್ಮವಿಕಾರಗಳು ಆ ಒಂದು ಪದದೊಳಗೆ ಅಡಕವಾಗಿವೆ. ಇಂದು ಕುಷ್ಠರೋಗವೆಂದು ನಾವು ಕರೆಯುವುದು ನಾರ್ವೆಯ ಹ್ಯಾನ್ಸೆನ್ನನು ೧೮೭೩ರಲ್ಲಿ ಕಂಡುಹಿಡಿದ ಸೂಕ್ಷ್ಮಜೀವಿಯಿಂದ ಬರುವ ಒಂದು ನಿರ್ದಿಷ್ಟ ರೋಗವನ್ನು ಮಾತ್ರ. ಹಳೆಯ ಗ್ರಂಥಗಳನ್ನು ಓದುವಾಗ ಈ ಭೇದವನ್ನು ಮರೆತರೆ ಇತಿಹಾಸಕಾರನು ಎಡವುವನು. ರೋಗಿಯನ್ನು ನೋಡುವಾಗ ಮರೆತರೆ ಸಮಾಜವು ಎಡವುವುದು.

೩. ಅನ್ನಮೂಲವಾದ ರೋಗ: ಪೆಲಾಗ್ರ

ಬಿಸಿಲಿನಿಂದ ವ್ಯಕ್ತವಾಗುವ ರೋಗಗಳಲ್ಲಿ ಜೋಳದ ನಾಡಿಗೆ ಮುಖ್ಯವಾದುದು ಪೆಲಾಗ್ರ. ಸ್ಪೇನ್ ದೇಶದ ಆಸ್ಟೂರಿಯಾಸ್ ಪ್ರಾಂತದ ವೈದ್ಯನಾದ ಗಾಸ್ಪರ್ ಕಸಾಲನು ೧೭೩೫ರಲ್ಲಿ ಇದನ್ನು ಮುಸುಕಿನ ಜೋಳವುಣ್ಣುವ ಬಡ ರೈತರಲ್ಲಿ ಗುರುತಿಸಿದನು. ೧೭೭೧ರಲ್ಲಿ ಇಟಲಿಯ ಫ್ರಾಪೊಲಿಯು ಅಲ್ಲಿನ ಜನರ ಮಾತಿನಿಂದ ‘ಪೆಲಾಗ್ರ’ ಎಂಬ ಹೆಸರನ್ನು ಬಳಕೆಗೆ ತಂದನು. ಒರಟಾದ ಚರ್ಮವೆಂದು ಅದರ ಅರ್ಥ. ಬಹುಕಾಲ ಇದನ್ನು ಅಂಟುರೋಗವೆಂದೇ ಹಲವರು ನಂಬಿದ್ದರು. ಅಮೆರಿಕದಲ್ಲಿ ೧೯೧೪ರಿಂದ ಈ ರೋಗವನ್ನು ಅಭ್ಯಸಿಸಿದ ಜೋಸೆಫ್ ಗೋಲ್ಡ್‌ಬರ್ಗರನು ಇದು ಆಹಾರದ ಕೊರತೆಯಿಂದ ಬರುವುದೆಂದು ತೋರಿಸಿದನು. ೧೯೩೭ರಲ್ಲಿ ಎಲ್ವೆಹ್ಯಾಮನು ನಾಯಿಗಳಿಗೆ ಬರುವ ಸದೃಶವಾದ ರೋಗವು ನಿಕೋಟಿನಿಕ್ ಆಮ್ಲದಿಂದ ವಾಸಿಯಾಗುವುದನ್ನು ಕಂಡನು. ಇದನ್ನೇ ನಯಾಸಿನ್ ಎಂದೂ, ಬಿ ಗುಂಪಿನ ಮೂರನೆಯ ಜೀವಸತ್ವವೆಂದೂ ಕರೆಯುವರು.

ಮುಸುಕಿನ ಜೋಳವನ್ನು ತಿನ್ನದ ನಮ್ಮ ದಖ್ಖನಿನಲ್ಲಿ ಈ ರೋಗವೇಕೆ? ಹೈದರಾಬಾದಿನ ಪೌಷ್ಟಿಕ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯನವರು ಈ ಪ್ರಶ್ನೆಯನ್ನು ಪರಿಶೀಲಿಸಿ, ೧೯೬೦ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಬಿಳಿಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲವು ಅಧಿಕವಾಗಿದೆ. ನಮ್ಮ ದೇಹವು ಟ್ರಿಪ್ಟೊಫ್ಯಾನಿನಿಂದ ನಯಾಸಿನನ್ನು ತಯಾರಿಸುವ ಕ್ರಿಯೆಗೆ ಅದು ಅಡ್ಡಿಯಾಗುವುದು ಎಂಬುದು ಅವರ ವಾದ. ತರುವಾಯದ ವಿದ್ವಾಂಸರೆಲ್ಲರೂ ಈ ವಾದವನ್ನು ಏಕಮತದಿಂದ ಒಪ್ಪಿಲ್ಲ. ಆದರೆ ಜೋಳವನ್ನೇ ಬಹುಮಟ್ಟಿಗೆ ನೆಚ್ಚಿದ ಬಡವರಲ್ಲಿ ಪೆಲಾಗ್ರ ಇದ್ದಿತೆಂಬುದು ನಿರ್ವಿವಾದ.

ಇಷ್ಟರಿಂದ ಜೋಳದ ರೊಟ್ಟಿಯನ್ನು ದೂಷಿಸಲಾಗದು. ರೊಟ್ಟಿಯೊಡನೆ ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರುಗಳಿದ್ದರೆ ಆ ಊಟವು ಪೂರ್ಣವಾದುದೇ. ಶೇಂಗಾದಲ್ಲಿ ನಯಾಸಿನ್ ಹೇರಳವಾಗಿದೆ. ಬರಿಯ ರೊಟ್ಟಿ ಮತ್ತು ಕಾರದಿಂದ ತಿಂಗಳುಗಟ್ಟಲೆ ಹೊಟ್ಟೆ ಹೊರೆಯಬೇಕಾದ ಮನೆಗೆ ಮಾತ್ರ ಈ ರೋಗವು ಪ್ರವೇಶಿಸುತ್ತಿದ್ದಿತು. ಇಂದು ಪೆಲಾಗ್ರ ವಿರಳ. ಅತಿಯಾದ ಮದ್ಯಪಾನ, ಆಹಾರವನ್ನು ಹೀರಿಕೊಳ್ಳಲಾಗದ ಕರುಳಿನ ರೋಗಗಳು, ಕ್ಷಯಕ್ಕೆ ಕೊಡುವ ಐಸೊನಿಯಜಿಡ್ ಔಷಧ, ಇವುಗಳ ಸಂದರ್ಭದಲ್ಲಿ ಅದು ಈಗಲೂ ತಲೆದೋರುವುದುಂಟು.

ಇದರ ಲಕ್ಷಣಗಳು ಸ್ಪಷ್ಟವಾದುವು. ಬಿಸಿಲು ಬಿದ್ದ ಭಾಗಗಳಲ್ಲಿ, ಅಂದರೆ ಮುಂಗೈ, ಮುಂಗಾಲು, ಮುಖ, ಕತ್ತುಗಳಲ್ಲಿ, ದೇಹದ ಎರಡು ಪಾರ್ಶ್ವಗಳಲ್ಲಿಯೂ ಸಮಾನವಾಗಿ ಚರ್ಮವು ಮೊದಲು ಕೆಂಪಾಗಿ ಉರಿಯುತ್ತದೆ. ಆಮೇಲೆ ಕಪ್ಪಾಗಿ ಒರಟಾಗಿ ಹೊಪ್ಪಳೆಯೇಳುತ್ತದೆ. ರೋಗಗ್ರಸ್ತ ಭಾಗಕ್ಕೂ ಆರೋಗ್ಯದ ಭಾಗಕ್ಕೂ ನಡುವಣ ಗೆರೆ ಕೊರೆದಿಟ್ಟಂತೆ ತೋರುವುದು. ಕತ್ತಿನ ಸುತ್ತ ಹಾರದಂತೆ ಕಾಣುವ ಪಟ್ಟಿಗೆ ‘ಕಸಾಲನ ಕಂಠಹಾರ’ವೆಂದು ಹೆಸರು. ನಾಲಗೆ ಕೆಂಪಾಗಿ ನೋಯುವುದು, ಭೇದಿ, ನಿದ್ರಾನಾಶ, ಬುದ್ಧಿಭ್ರಮಣೆಗಳು ಜೊತೆಗೂಡಬಹುದು. ಚಿಕಿತ್ಸೆಯಿಲ್ಲದಿದ್ದರೆ ಮರಣವೂ ಸಂಭವಿಸುವುದು.

೪. ಸಸ್ಯಮೂಲವಾದ ರೋಗ: ಪಾರ್ಥೇನಿಯಂ ಉರಿಯೂತ

ಎರಡನೆಯ ರೋಗವು ಈಚಿನದು. ಅಮೆರಿಕ ಖಂಡದ ಮೂಲನಿವಾಸಿಯಾದ ಪಾರ್ಥೇನಿಯಂ ಎಂಬ ಗಿಡವನ್ನು ನಮ್ಮ ಜನರು ಕಾಂಗ್ರೆಸ್ ಕಳೆಯೆಂದು ಕರೆಯುವರು. ಸ್ವತಂತ್ರ ಭಾರತದಲ್ಲಿ ಇದು ಮೊದಲು ಗಮನಕ್ಕೆ ಬಂದುದು ಪುಣೆಯಲ್ಲಿ. ೧೯೫೬ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ದಾಖಲಿಸಿದರು. ಹೊರದೇಶದಿಂದ ತರಿಸಿದ ಗೋಧಿಯೊಡನೆ ಇದರ ಬೀಜವು ಬಂದು ಹರಡಿತೆಂಬುದು ಪ್ರಚಲಿತವಾದ ಅಭಿಪ್ರಾಯ. ರಸ್ತೆಯ ಬದಿ, ಬೀಳು ಹೊಲ, ಊರ ಬಯಲುಗಳನ್ನು ಇದು ಬೇಗನೆ ಆಕ್ರಮಿಸಿತು. ೧೯೭೫ರಲ್ಲಿ ಕರ್ನಾಟಕ ಸರ್ಕಾರವು ಇದನ್ನು ಕೃಷಿಪೀಡೆಯೆಂದು ಶಾಸನರೀತ್ಯಾ ಘೋಷಿಸಿತು. ೧೯೮೪ರಲ್ಲಿ ಇದರ ಎಲೆಗಳನ್ನು ತಿನ್ನುವ ಮೆಕ್ಸಿಕೊ ದೇಶದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಆದರೂ ಕಳೆಯು ನಿರ್ಮೂಲವಾಗಲಿಲ್ಲ.

ಈ ಗಿಡದ ಸೂಕ್ಷ್ಮ ರೋಮಗಳಲ್ಲಿ ಪಾರ್ಥೇನಿನ್ ಎಂಬ ದ್ರವ್ಯವಿದೆ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿ ಬಂದು ಚರ್ಮಕ್ಕೆ ತಗಲಿದಾಗ ಕೆಲವರ ದೇಹದ ರಕ್ಷಣಾವ್ಯವಸ್ಥೆಯು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಇದು ಒಂದೇ ದಿನದಲ್ಲಿ ಆಗುವುದಲ್ಲ. ತಿಂಗಳುಗಳ ಅಥವಾ ವರುಷಗಳ ಸಂಪರ್ಕದ ಮೇಲೆ ಆಗತಕ್ಕದ್ದು. ಆದುದರಿಂದಲೇ ‘ಇಷ್ಟು ಕಾಲ ಇದೇ ಕಳೆಯನ್ನು ಕಿತ್ತಿದ್ದೇನೆ, ಈಗೇಕೆ ಬರಬೇಕು?’ ಎಂದು ರೋಗಿಯು ಕೇಳುವನು. ಒಮ್ಮೆ ಗುರುತಿಟ್ಟುಕೊಂಡ ತರುವಾಯ ಅತ್ಯಲ್ಪ ಧೂಳೂ ಸಾಕಾಗುವುದು.

ರೆಪ್ಪೆ, ಕತ್ತು, ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳಲ್ಲಿ ತುರಿಕೆ, ಕೆಂಪು, ನೀರೊಸರುವಿಕೆಗಳಿಂದ ಇದು ಆರಂಭವಾಗುವುದು. ಕಾಲಕ್ರಮದಲ್ಲಿ ಕೆಲವರಲ್ಲಿ ರೋಗದ ಸ್ವರೂಪವು ಬದಲಾಗಿ, ಚರ್ಮವು ಬೆಳಕನ್ನೇ ಸಹಿಸದಂತಾಗುತ್ತದೆ. ಆಗ ಹಣೆ, ಕೆನ್ನೆಯ ಎಲುಬಿನ ಭಾಗ, ಕಿವಿಯ ಅಂಚು, ಕತ್ತಿನ ಹಿಂಭಾಗ, ಮುಂಗೈಗಳಲ್ಲಿ ಚರ್ಮವು ದಪ್ಪಗಟ್ಟುವುದು. ಪೀಠಿಕೆಯಲ್ಲಿ ಹೇಳಿದ ವೃದ್ಧರ ಸ್ಥಿತಿ ಇದೇ ಆಗಿದ್ದಿತು.

೫. ನಿದಾನಕ್ರಮ

ನಿದಾನದಲ್ಲಿ ಮೊದಲನೆಯ ಸಾಧನವೆಂದರೆ ರೋಗವು ಕುಳಿತಿರುವ ಸ್ಥಳ. ಗಲ್ಲದ ಕೆಳಭಾಗ, ಕಿವಿಯ ಹಿಂಬದಿ, ಮೇಲ್ರೆಪ್ಪೆ, ಇವು ನೆರಳಿನ ತಾಣಗಳು. ಅವು ಶುದ್ಧವಾಗಿದ್ದು ಸುತ್ತಲಿನ ಭಾಗ ಕೆಟ್ಟಿದ್ದರೆ ಬೆಳಕು ಕಾರಣವೆಂದು ಊಹಿಸಬಹುದು. ನೆರಳಿನ ತಾಣಗಳೂ ಕೆಟ್ಟಿದ್ದರೆ ಗಾಳಿಯಲ್ಲಿ ಬಂದ ಧೂಳನ್ನು ಸಂಶಯಿಸಬೇಕು. ಏಕೆಂದರೆ ಧೂಳು ಬಿಸಿಲು ಹೋಗದ ಕಡೆಗೂ ಹೋಗುವುದು.

ಎರಡನೆಯದು ಪ್ರಶ್ನೆ. ಯಾವ ಮಾಸದಲ್ಲಿ ಹೆಚ್ಚಾಗುವುದು? ಊರು ಬಿಟ್ಟಿದ್ದಾಗ ಕಡಮೆಯಾಗುವುದೇ? ಊಟದಲ್ಲಿ ಏನಿದೆ, ಏನಿಲ್ಲ? ಮದ್ಯಪಾನವುಂಟೇ? ಯಾವ ಮಾತ್ರೆ, ಯಾವ ಮುಲಾಮು ಬಳಕೆಯಲ್ಲಿದೆ? ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಪಡೆದರೆ ಅರ್ಧ ನಿದಾನವು ಮುಗಿದಂತೆಯೇ.

ಮೂರನೆಯದು ಪರೀಕ್ಷೆ. ಕುಷ್ಠದ ಸಂಶಯವಿದ್ದಲ್ಲಿ ಮಚ್ಚೆಯ ಮೇಲೆ ಹತ್ತಿಯ ಎಳೆಯಿಂದ ಸವರಿ ಸ್ಪರ್ಶಜ್ಞಾನವನ್ನು ನೋಡುವರು. ನರಗಳು ದಪ್ಪವಾಗಿವೆಯೇ ಎಂದೂ ಮುಟ್ಟಿ ನೋಡುವರು. ತೀವ್ರವಾದ ತುರಿಕೆಯಿದ್ದು ಸ್ಪರ್ಶಜ್ಞಾನವು ಪೂರ್ಣವಾಗಿದ್ದರೆ ಕುಷ್ಠದ ಸಂಭವವು ಬಹಳ ಕಡಮೆ. ಆದರೂ ಅಂತಿಮ ನಿರ್ಣಯವು ವೈದ್ಯರದು. ಹುಳುಕಡ್ಡಿಯ ಸಂಶಯಕ್ಕೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವರು. ಕೆನ್ನೆ ಮೂಗುಗಳ ಮೇಲೆ ಚಿಟ್ಟೆಯ ಆಕಾರದ ಕೆಂಪು, ಕೀಲುನೋವು, ಜ್ವರಗಳಿದ್ದರೆ ಲೂಪಸ್ ಎಂಬ ರೋಗಕ್ಕಾಗಿ ರಕ್ತಪರೀಕ್ಷೆ ಅವಶ್ಯ. ಪಾರ್ಥೇನಿಯಂ ಸಂಶಯವಿದ್ದರೆ ಗಿಡದ ಸಾರವನ್ನು ಬೆನ್ನಿಗೆ ಪಟ್ಟಿಯಂತೆ ಅಂಟಿಸಿ, ೪೮ ಗಂಟೆಗಳ ಬಳಿಕ ತೆಗೆದು ನೋಡಿ, ಮತ್ತೆ ಒಂದೆರಡು ದಿನಗಳ ಮೇಲೆ ಇನ್ನೊಮ್ಮೆ ನೋಡುವರು. ಪೆಲಾಗ್ರದಲ್ಲಿ ಔಷಧಕ್ಕೆ ದೊರೆಯುವ ಶೀಘ್ರ ಗುಣವೇ ಉತ್ತಮ ಸಾಕ್ಷ್ಯ.

೬. ಚಿಕಿತ್ಸೆ

ಪೆಲಾಗ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ೩೦೦ ಮಿಲಿಗ್ರಾಂ ನಿಕೋಟಿನಮೈಡನ್ನು ವಿಂಗಡಿಸಿ ಮೂರು ನಾಲ್ಕು ವಾರಗಳ ಕಾಲ ಕೊಡುವಂತೆ ಸೂಚಿಸಿದೆ. ಜೊತೆಗೆ ಬಿ ಗುಂಪಿನ ಇತರ ಜೀವಸತ್ವಗಳೂ ಪುಷ್ಟಿಕರವಾದ ಆಹಾರವೂ ಬೇಕು. ನಾಲಗೆ ಮತ್ತು ಹೊಟ್ಟೆಯ ಬಾಧೆ ಕೆಲವೇ ದಿನಗಳಲ್ಲಿ ಶಮನವಾಗುವುದು. ಚರ್ಮಕ್ಕೆ ವಾರಗಳು ಹಿಡಿಯುವುವು.

ಪಾರ್ಥೇನಿಯಂ ಉರಿಯೂತಕ್ಕೆ ಇಷ್ಟು ಸುಲಭವಾದ ಪರಿಹಾರವಿಲ್ಲ. ಸಂಪರ್ಕವನ್ನು ತಪ್ಪಿಸುವುದೇ ಮೊದಲ ಔಷಧ. ತುಂಬುತೋಳಿನ ದಟ್ಟನೆಯ ಅಂಗಿಯನ್ನು ತೊಡುವುದು, ಕಿವಿ ಕತ್ತುಗಳನ್ನು ವಸ್ತ್ರದಿಂದ ಮುಚ್ಚುವುದು, ಹೊಲದಿಂದ ಬಂದೊಡನೆ ಸ್ನಾನಮಾಡಿ ಬಟ್ಟೆ ಬದಲಿಸುವುದು, ಕಿತ್ತ ಕಳೆಯನ್ನು ಮನೆಯ ಬಳಿ ಒಣಗಹಾಕದಿರುವುದು, ಇವು ಅವಶ್ಯಕ. ಉರಿಯೂತವನ್ನು ಇಳಿಸಲು ಸ್ಟೀರಾಯ್ಡ್ ಮುಲಾಮನ್ನು ಮಿತವಾದ ಅವಧಿಗೆ ಕೊಡುವರು. ತೀವ್ರವಾದಲ್ಲಿ ಅಜಥಯೊಪ್ರಿನ್ ಮೊದಲಾದ ಮಾತ್ರೆಗಳನ್ನು ಕೊಡುವುದುಂಟು. ಆಗ ರಕ್ತಕಣಗಳನ್ನೂ ಯಕೃತ್ತಿನ ಸ್ಥಿತಿಯನ್ನೂ ಆಗಾಗ್ಗೆ ಪರೀಕ್ಷಿಸತಕ್ಕದ್ದು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದು ಅಪಾಯಕರ. ಚರ್ಮವು ತೆಳುವಾಗುವುದು, ಹುಳುಕಡ್ಡಿಯಿದ್ದರೆ ಅದು ಮರೆಯಾಗಿ ಒಳಗೊಳಗೇ ಹರಡುವುದು.

ಪರೀಕ್ಷೆಯಿಂದ ಕುಷ್ಠವೇ ನಿಶ್ಚಿತವಾದರೂ ಭಯಕ್ಕೆ ಕಾರಣವಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಬಹುವಿಧ ಔಷಧಗಳಿಂದ ಅದು ಆರು ಅಥವಾ ಹನ್ನೆರಡು ತಿಂಗಳುಗಳಲ್ಲಿ ವಾಸಿಯಾಗತಕ್ಕ ರೋಗ. ತಟ್ಟೆ ಲೋಟಗಳನ್ನು ಬೇರೆಮಾಡುವುದಕ್ಕೆ ಅಲ್ಲಿಯೂ ಆಧಾರವಿಲ್ಲ.

೭. ಉಪಸಂಹಾರ

ಬಿಸಿಲು ಎಲ್ಲರ ಮೇಲೂ ಬೀಳುವುದು. ಆದರೆ ಎಲ್ಲರ ಚರ್ಮವನ್ನೂ ಕೆಡಿಸದು. ಒಬ್ಬನಲ್ಲಿ ಊಟದ ಕೊರತೆ, ಮತ್ತೊಬ್ಬನಲ್ಲಿ ಪರದೇಶದಿಂದ ಬಂದ ಗಿಡದ ಧೂಳು ಬಿಸಿಲಿನೊಡನೆ ಸೇರಿ ರೋಗವಾಯಿತು. ಮೇಲ್ನೋಟಕ್ಕೆ ಒಂದೇ ಬಗೆಯಾಗಿ ತೋರುವ ಈ ರೋಗಗಳ ಮೂಲಗಳು ಬೇರೆ, ಚಿಕಿತ್ಸೆಗಳೂ ಬೇರೆ. ಕಾರಣವನ್ನು ವಿಚಾರಿಸದೆ ಹೆಸರನ್ನಿಡುವುದು ಇತಿಹಾಸದಲ್ಲಿ ದೋಷವಾದರೆ, ವೈದ್ಯದಲ್ಲಿ ಅದು ರೋಗಿಯ ಬಾಳನ್ನೇ ಕೆಡಿಸಬಲ್ಲುದು. ನಾವು ಹೇಳಿದ ವೃದ್ಧರಿಗೆ ಔಷಧದಿಂದ ತುರಿಕೆಯು ಬಹುಮಟ್ಟಿಗೆ ಇಳಿಯಿತು. ಚರ್ಮದ ಕಪ್ಪು ಪೂರ್ಣವಾಗಿ ಹೋಗಲಿಲ್ಲ. ಆದರೆ ರೋಗದ ನಿಜವಾದ ಹೆಸರು ತಿಳಿದ ಮೇಲೆ ಅವರು ಪಂಕ್ತಿಯಲ್ಲಿ ಮತ್ತೆ ಕುಳಿತರು. ಚರ್ಮದಲ್ಲಿ ವಿಕಾರವನ್ನು ಕಂಡೊಡನೆ ದೂರ ಸರಿಯದೆ, ರೋಗಿಯನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ಯುವುದು ನೆರೆಹೊರೆಯವರ ಮೊದಲ ಕರ್ತವ್ಯವೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.