ಕೂಲಿ ಕೇಳದ ಆಳುಗಳು



ಹಿತ್ತಲದಾಗ ಕುಂಬಳಬಳ್ಳಿ ಮೈತುಂಬ ಹೂ ಬಿಟ್ಟಿರುತ್ತದೆ, ಆದರೆ ಒಂದೂ ಕಾಯಿ ಇರುವುದಿಲ್ಲ. “ದೃಷ್ಟಿ ಆಗೇತಿ” ಅನ್ನುತ್ತಾರೆ. ಆದರೆ ಕಾರಣ ಬೇರೆ ಇರಬಹುದು ನೋಡ್ರಿ.

ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡಕ್ಕೆ ಸಣ್ಣ ಗುಂಡು ಇರುತ್ತದೆ. ಗಂಡು ಹೂವಿನ ಹಳದಿ ಪುಡಿ, ಅಂದರೆ ಪರಾಗ, ಹೆಣ್ಣು ಹೂವಿಗೆ ಮುಟ್ಟಿದರೆ ಆ ಗುಂಡು ಬೆಳೆದು ಕಾಯಿ ಆಗುತ್ತದೆ. ಇಲ್ಲದಿದ್ದರೆ ಉದುರುತ್ತದೆ. ಬಳ್ಳಿಗೆ ಕಾಲಿಲ್ಲ. ಆದ್ದರಿಂದ ಪುಡಿ ಮುಟ್ಟಿಸುವವು ಜೇನುಹುಳಗಳು. ಇದೇ ಪರಾಗಸ್ಪರ್ಶ. ಹೀರಿ ಹೂ ಸಂಜೆ ಅರಳುತ್ತದೆ, ಅದಕ್ಕೆ ಪತಂಗಗಳು ಬರುತ್ತವೆ.

ನಮ್ಮ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಸೂರ್ಯಕಾಂತಿ ಬೆಳೆಯುತ್ತಾರೆ. ಅದರ ಒಂದು ತೆನೆ ಅಂದರೆ ನೂರಾರು ಸಣ್ಣ ಹೂಗಳ ಗುಂಪು. ಜೇನು ಕಡಿಮೆ ಬಂದರೆ ಬಹಳ ಕಾಳು ಜೊಳ್ಳಾಗುತ್ತವೆ. ಆಗ ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಒಂದೊಂದೇ ತೆನೆ ಸವರಬೇಕಾಗುತ್ತದೆ. ಆಳು ಹಚ್ಚಿದರೆ ಪಗಾರ ಕೊಡಬೇಕು. ಜೇನು ಪುಕ್ಕಟೆ ಮಾಡುತ್ತದೆ!

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು. ಅಲ್ಲಿ ಹುಳಗಳಿಗೆ ಜಾಗ ಇದೆ. ಆದರೆ ಸಣ್ಣ ಹುಳಗಳು ಬಹಳ ದೂರ ಹಾರಲಾರವು. ಗುಡ್ಡದಿಂದ ಗದಗ-ಬೆಟಗೇರಿ ಓಣಿಗೆ ದಿನಾ ಬಂದುಹೋಗುವುದು ಅವಕ್ಕೆ ಆಗದ ಮಾತು. ಓಣಿಯಲ್ಲೇ ಅವಕ್ಕೆ ಊಟ ಸಿಗಬೇಕು. ಅದಕ್ಕೆ ನಾವು ಏನು ಮಾಡಬಹುದು?

1. ಒಡೆದ ಕೊಡ, ಹಳೇ ಡಬ್ಬಿಯಲ್ಲಿ ತುಳಸಿ, ಸಬ್ಬಸಗಿ, ಕೊತ್ತಂಬರಿ ಹಚ್ಚಿರಿ. ಮಾಳಗಿ ಮೇಲೂ ಇಡಬಹುದು. ಎಲ್ಲಾ ಕೀಳದೆ ನಾಲ್ಕು ಗಿಡ ಹೂವಿಗೆ ಬಿಡಿರಿ.

2. ಕರಿಬೇವು, ಲಿಂಬಿ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಕಂಡರೆ ಕೊಲ್ಲಬೇಡಿರಿ. ಅದೇ ಮುಂದೆ ಚಿಟ್ಟೆ ಆಗುತ್ತದೆ.

3. ಬ್ಯಾಸಗಿಯಲ್ಲಿ ತಾಟಿನಲ್ಲಿ ನೀರಿಟ್ಟು ನಾಲ್ಕು ಹರಳು ಹಾಕಿರಿ. ಹುಳ ಅದರ ಮೇಲೆ ಕುಂತು ನೀರು ಕುಡಿಯುತ್ತದೆ, ಮುಳುಗುವುದಿಲ್ಲ.

4. ಕೆಲವು ಜಾತಿ ಜೇನು ನೆಲದಲ್ಲಿ ತೂತು ಮಾಡಿ ಮೊಟ್ಟೆ ಇಡುತ್ತವೆ. ಅಂಗಳಕ್ಕೆಲ್ಲಾ ಸಿಮೆಂಟ್ ಹಾಕದೆ ಒಂದು ಮೂಲೆ ಮಣ್ಣಾಗಿಯೇ ಇರಲಿ.

5. ಬೆಳೆ ಹೂ ಬಿಟ್ಟಾಗ ಎಣ್ಣಿ ಹೊಡೆಯಬಾರದು. ಹೊಡೆಯಲೇಬೇಕಾದರೆ ಹೊತ್ತು ಮುಳುಗಿ ಜೇನು ಗೂಡು ಸೇರಿದ ಮೇಲೆ ಹೊಡೆಯಲು ಮನೆಯಲ್ಲಿ ಹೇಳಿರಿ.

ಒಂದು ಎಚ್ಚರಿಕೆ: ಹೆಜ್ಜೇನಿನ ಹತ್ತಿರ ಹೋಗಬ್ಯಾಡ್ರಿ, ಗೂಡಿಗೆ ಕಲ್ಲು ಒಗೀಬ್ಯಾಡ್ರಿ.

2018ರಿಂದ ಮೇ 20ನ್ನು ವಿಶ್ವ ಜೇನುನೊಣ ದಿನ ಎಂದು ಆಚರಿಸುತ್ತಾರೆ. ಆಗ ನಮಗೆ ಸೂಟಿ ಇರುತ್ತದೆ. ಆದ್ದರಿಂದ ಸಾಲಿ ಸುರುವಾದ ಮೇಲೆ, ಗುರುಗಳು ಒಪ್ಪಿದರೆ, ನಾವು ಕೈ ತೊಳೆದ ನೀರು ಹರಿಯುವ ಕಡೆ ಒಂದು ಸಾಲು ತುಳಸಿ ಹಚ್ಚೋಣ. ನೀರು ಹಾಕುವ ಪಾಳಿ ಮೊದಲು ಏಳನೇ ತರಗತಿಯವರದು.

— 7ನೇ ತರಗತಿ ವಿದ್ಯಾರ್ಥಿ